ನೆಮ್ಮದಿಗೆ ಐದಕ್ಕೆ ನಾಲ್ಕು ಅಂಕ

ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ವರ್ಷಕ್ಕೊಮ್ಮೆ ನೌಕರರ ನೆಮ್ಮದಿಯ ಸಮೀಕ್ಷೆ ನಡೆಯುತ್ತದೆ. ಎಚ್‌ಆರ್‌ನಿಂದ ಮೇಲ್ ಬರುತ್ತದೆ: ‘ಮನಸ್ಸು ಬಿಚ್ಚಿ ಹೇಳಿ, ನಿಮ್ಮ ಹೆಸರು ಯಾರಿಗೂ ಗೊತ್ತಾಗುವುದಿಲ್ಲ.’ ಮೂರು ದಿನ ಬಿಟ್ಟು ಇನ್ನೊಂದು: ‘ನೀವಿನ್ನೂ ಸಮೀಕ್ಷೆ ತುಂಬಿಲ್ಲ.’ ಹೆಸರೇ ಗೊತ್ತಿಲ್ಲದವರಿಗೆ ತುಂಬದವರು ಯಾರೆಂದು ಹೇಗೆ ಗೊತ್ತಾಯಿತು ಎಂದು ಕೇಳಬೇಡಿ. ಸಂಸ್ಥೆಯ ಮೇಲೆ ನಂಬಿಕೆ ಇದೆಯೇ ಎಂಬುದಕ್ಕೂ ಅದರಲ್ಲೊಂದು ಪ್ರಶ್ನೆ ಇದೆ.

ಇದಕ್ಕೆ ಮುಹೂರ್ತ ನೋಡುವುದೇ ಒಂದು ವಿದ್ಯೆ. ವೇರಿಯಬಲ್ ಪೇ ಎಂಬ ಬೋನಸ್ ಖಾತೆಗೆ ಬಿದ್ದ ವಾರ ಶುಭ, ವರ್ಷದ ಕೆಲಸಕ್ಕೆ ಬೆಲೆ ಕಟ್ಟುವ ಅಪ್ರೈಸಲ್ ಪತ್ರ ಕೈಗೆ ಬಂದ ವಾರ ರಾಹುಕಾಲ. ಪ್ರಶ್ನೆಗಳೂ ಘನವಾದವು. ಸಮೀಕ್ಷೆ ನಡೆಸುವ ಕಂಪನಿ ಗ್ಯಾಲಪ್‌ನವರ ಹೆಸರಾಂತ 12 ಪ್ರಶ್ನೆಗಳಲ್ಲಿ ‘ಕೆಲಸದಲ್ಲಿ ನಿಮಗೆ ಆಪ್ತ ಸ್ನೇಹಿತರಿದ್ದಾರೆಯೇ’ ಎಂಬುದೂ ಒಂದು. ಆ ಆಪ್ತ ಹೋದ ತಿಂಗಳ ಲೇಆಫ್‌ನಲ್ಲಿ ಹೋಗಿದ್ದರೆ ಯಾವ ಗುಂಡಿ ಒತ್ತಬೇಕೋ, ಸೂಚನೆ ಇಲ್ಲ.

ನಿಜವಾದ ಕಸುಬು ಇರುವುದು ಅಂಕ ಎಣಿಸುವುದರಲ್ಲಿ. ಒಂದರಿಂದ ಐದರವರೆಗೆ ಅಂಕ ಕೊಡಿ ಎನ್ನುತ್ತಾರೆ, ಆದರೆ ಅನೇಕ ಕಡೆ ವರದಿಯಲ್ಲಿ ‘ಸಂತೃಪ್ತ’ ಅನ್ನಿಸಿಕೊಳ್ಳುವುದು ನಾಲ್ಕು, ಐದು ಮಾತ್ರ. ಮೂರು ಕೊಟ್ಟವನು ತಾನು ಮಧ್ಯಸ್ಥ ಅಂದುಕೊಂಡಿರುತ್ತಾನೆ. ಆ ಶೇಕಡಾವಾರಿನಲ್ಲಿ ಅವನಿಗೂ ಒಂದು ಕೊಟ್ಟವನಿಗೂ ಒಂದೇ ಪಂಕ್ತಿ. ಹತ್ತು ಜನರ ತಂಡವೊಂದನ್ನು ತೆಗೆದುಕೊಳ್ಳಿ: ಏಳು ಜನ ನಾಲ್ಕೋ ಐದೋ, ಇಬ್ಬರು ಮೂರು, ಒಬ್ಬ ಒಂದು. ಅಂಕ ಶೇ. 70. ಜಾಣ ಮ್ಯಾನೇಜರ್ ಯಾರ ಹೆಗಲ ಮೇಲೆ ಕೈ ಹಾಕುತ್ತಾನೆ? ಮೂರು ಕೊಟ್ಟವರ ಮೇಲೆ. ಇಬ್ಬರಿಗೂ ಒಂದೊಂದು ಕಾಫಿ ಕುಡಿಸಿ, ವಾರಕ್ಕೊಂದು ವರ್ಕ್ ಫ್ರಮ್ ಹೋಮ್ ಕೊಟ್ಟು ನಾಲ್ಕಕ್ಕೆ ಏರಿಸಿದರೆ ತಂಡ ಶೇ. 90. ರಾತ್ರಿ ನಿದ್ದೆ ಬಾರದ ಆ ಒಂದರವನನ್ನು ಕಷ್ಟಪಟ್ಟು ಮೂರಕ್ಕೆ ತಂದರೂ ಅಂಕ ಅಲ್ಲಾಡುವುದಿಲ್ಲ. ತೀರಾ ನೊಂದವನೇ ಈ ಗಣಿತದಲ್ಲಿ ತೀರಾ ನಿಷ್ಪ್ರಯೋಜಕ.

ಆ ಒಂದು ಯಾರದ್ದೆಂದು ತಿಳಿಯುವುದಿಲ್ಲವಲ್ಲ ಎಂಬ ಸಮಾಧಾನವೂ ಬೇಡ. ಐದಕ್ಕಿಂತ ಕಡಿಮೆ ಜನರಿದ್ದರೆ ಅಂಕ ತೋರಿಸುವುದಿಲ್ಲ ಎಂಬ ನಿಯಮವೇನೋ ಇರುತ್ತದೆ. ಆದರೆ ಹತ್ತೂ ಜನರ ಸರಾಸರಿ ಸಿಗುತ್ತದೆ, ‘ಎರಡು ವರ್ಷಕ್ಕಿಂತ ಹೆಚ್ಚು ಅನುಭವ’ ಎಂದು ಫಿಲ್ಟರ್ ಹಾಕಿದರೆ ಒಂಬತ್ತು ಜನರದ್ದೂ ಸಿಗುತ್ತದೆ. ಉಳಿದ ಒಬ್ಬ ಹೊಸಬ ಏನು ಒತ್ತಿದ್ದಾನೆಂದು ತಿಳಿಯಲು ಡೇಟಾ ಸೈನ್ಸ್ ಬೇಡ, ಮೂರನೇ ಕ್ಲಾಸಿನ ಗುಣಾಕಾರ, ಕಳೆಯುವ ಲೆಕ್ಕ ಸಾಕು.

ಫಲಿತಾಂಶ ಬಂದ ಮೇಲೆ ಪರಿಹಾರ ಬರಬೇಕಲ್ಲ? ಶುಕ್ರವಾರ ಸಂಜೆ ಆರೂವರೆಗೆ ‘ಒತ್ತಡ ನಿರ್ವಹಣೆ’ ವೆಬಿನಾರ್, ಹಾಜರಿ ಕಡ್ಡಾಯ. ಟೈಮ್‌ಶೀಟಿನಲ್ಲಿ ಇದಕ್ಕೆ ಬಿಲ್ಲಿಂಗ್ ಕೋಡ್ ಇರುವುದಿಲ್ಲ. ಉಸಿರು ಎಳೆದು ಬಿಟ್ಟ ಆ ಒಂದು ಗಂಟೆಯ ಹಣ ಕ್ಲೈಂಟ್ ಕೊಡುತ್ತಾನೆಯೇ? ಹಾಗಾಗಿ ಅದೇ ರಾತ್ರಿ ಒಂದು ಗಂಟೆ ಹೆಚ್ಚು ಕೂತು ಸರಿದೂಗಿಸಬೇಕು. ಆಕ್ಸ್‌ಫರ್ಡಿನ ವಿಲಿಯಂ ಫ್ಲೆಮಿಂಗ್ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಉತ್ತರಗಳನ್ನು ಜಾಲಾಡಿ 2024ರಲ್ಲಿ ಪ್ರಕಟಿಸಿದ್ದೂ ಇದನ್ನೇ: ಮೈಂಡ್‌ಫುಲ್‌ನೆಸ್ ಕ್ಲಾಸು, ನೆಮ್ಮದಿಯ ಆ್ಯಪು ಇತ್ಯಾದಿ ಪಡೆದವರು ಪಡೆಯದವರಿಗಿಂತ ಸುಖವಾಗೇನೂ ಇರಲಿಲ್ಲ. ಕೆಲಸದ ಹೊರೆ, ಆ ಹೊರೆಯ ಮೇಲೆ ನೌಕರನಿಗಿರುವ ಹಿಡಿತ, ಇವೆರಡನ್ನು ನೋಡಿ ಎಂದು ಕೆಲಸದ ಒತ್ತಡದ ಅಧ್ಯಯನಕಾರ ರಾಬರ್ಟ್ ಕರಾಸೆಕ್ 1979ರಲ್ಲೇ ಬರೆದಿದ್ದರು. ಆದರೆ ಹೊರೆ ಇಳಿಸಲು ಇನ್ನಿಬ್ಬರನ್ನು ನೇಮಿಸಬೇಕು. ಯೋಗ ಮ್ಯಾಟ್ ಅಗ್ಗ.

ಇತ್ತ ಹೊರೆಯ ಹರಾಜು ನಡೆದೇ ಇದೆ. 2023ರಲ್ಲಿ ನಾರಾಯಣ ಮೂರ್ತಿಯವರು ವಾರಕ್ಕೆ 70 ಗಂಟೆ ಎಂದು ಕೂಗಿದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರ ಮಾತು 90ಕ್ಕೆ ಏರಿತು. ಸ್ಟ್ಯಾನ್‌ಫರ್ಡಿನ ಜಾನ್ ಪೆಂಕವೆಲ್ ಮೊದಲ ಮಹಾಯುದ್ಧದ ಕಾಲದ ಬ್ರಿಟಿಷ್ ಮದ್ದುಗುಂಡು ಕಾರ್ಮಿಕರ ದಾಖಲೆ ತೆಗೆದು ನೋಡಿದರೆ, ವಾರಕ್ಕೆ 70 ಗಂಟೆ ದುಡಿದವರ ಉತ್ಪಾದನೆ 56 ಗಂಟೆಯವರದ್ದಕ್ಕಿಂತ ಹೆಚ್ಚೇನೂ ಇರಲಿಲ್ಲ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35 ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಅಂದಾಜಿಸಿದವು. ಆದರೇನು, ಗಂಟೆ ಎಷ್ಟೆಂದು ಕೇಳುವವನಿಗೆ ‘ಮನೋಭಾವ’ ಸರಿಯಿಲ್ಲ. ರಾಜ್ಯೋತ್ಸವದ ದಿನ ಪ್ಯಾಂಟ್ರಿ ಗೋಡೆಗೆ ‘ಕಾಯಕವೇ ಕೈಲಾಸ’ ಅಂಟಿಸುವವರು ಆಯ್ದಕ್ಕಿ ಲಕ್ಕಮ್ಮನನ್ನು ಮಾತ್ರ ಕರೆಯುವುದಿಲ್ಲ. ಗಂಡ ಅವತ್ತಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೋಗಿ ಸುರಿದು ಬಾ ಎಂದವಳು ಆಕೆ. ಇಲ್ಲಿದ್ದಿದ್ದರೆ ನೌಕರರನ್ನು ಮೇಲೆ, ಕೆಳಗೆ ಎಂದು ವಿಂಗಡಿಸುವ ಬೆಲ್ ಕರ್ವ್‌ನ ತಳಕ್ಕೆ ಬೀಳುತ್ತಿದ್ದಳು.

ಅಂದಹಾಗೆ, ಆ ಒಂದು ಅಂಕ ಕೊಟ್ಟವನು ಮಾರ್ಚ್‌ನಲ್ಲಿ ರಾಜೀನಾಮೆ ಕೊಡುತ್ತಾನೆ. ಎಕ್ಸಿಟ್ ಫಾರ್ಮಿನಲ್ಲಿ ಕಾರಣ: ‘ಉತ್ತಮ ಅವಕಾಶ’. ಬೇರೇನನ್ನಾದರೂ ಬರೆದರೆ ರಿಲೀವಿಂಗ್ ಲೆಟರ್ ತಡವಾದೀತೆಂಬ ಭಯ. ಅವನ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳುವುದಿಲ್ಲ, ಅವನ ಕೆಲಸ ಉಳಿದ ಒಂಬತ್ತು ಜನಕ್ಕೆ ಹಂಚಿಕೆಯಾಗುತ್ತದೆ. ಮುಂದಿನ ಸಮೀಕ್ಷೆಯಲ್ಲಿ ಒಂಬತ್ತಕ್ಕೆ ಒಂಬತ್ತು ಸಂತೃಪ್ತರು, ಶೇ. 100. ಮ್ಯಾನೇಜರಿಗೆ ಬಡ್ತಿ, ತಂಡಕ್ಕೆ ಕೇಕು.