ಮಾಯಾವಿಯ ಬೆನ್ನುಹತ್ತಿ

ಕಾಯಿಲ್ (ತಂತಿಯ ಸುರುಳಿ) ವಿನ್ಯಾಸದ ತಂತ್ರಾಂಶವನ್ನು ಅಳವಡಿಸಲು ಎಷ್ಟು ಹೊತ್ತು ಬೇಕೆಂದು ತಮ್ಮ ಕೇಳಿದಾಗ, ಚಹಾ ಕುದಿಯುವಷ್ಟರಲ್ಲಿ ಮುಗಿಯುತ್ತದೆ ಎಂದವನು ನಾನೇ. ಪುಣೆಯ ಕೋಥ್ರೂಡಿನ ನಮ್ಮ ಬಾಡಿಗೆ ಮನೆಯಲ್ಲಿ ಅದು ಮಳೆಯ ಶನಿವಾರದ ಬೆಳಗು.

ನನಗೆ ಬೇಕಾದದ್ದು ಇಷ್ಟೆ: ಪ್ರಯೋಗಾಲಯದ ಒಂದು ಸಂವೇದಕದ ಸುತ್ತ ಭೂಮಿಯ ಕಾಂತಕ್ಷೇತ್ರವನ್ನು, ಅಂದರೆ ಸುಮಾರು 40 ಮೈಕ್ರೊಟೆಸ್ಲಾವನ್ನು, ಇಲ್ಲವಾಗಿಸಲು ಎರಡು ಹಲಗೆಗಳ ಮೇಲೆ ತಾಮ್ರದ ತಂತಿಯನ್ನು ಹೇಗೆ ಸುತ್ತಬೇಕೆಂಬ ಲೆಕ್ಕ. ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಬಿಫೀಲ್ಡ್‌ಟೂಲ್ಸ್ ಎಂಬ ಪ್ಯಾಕೇಜು (ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಸಿದ್ಧ ತಂತ್ರಾಂಶ), ಹಲಗೆಯ ಮೇಲ್ಮೈಯನ್ನು ಪುಟ್ಟ ತ್ರಿಕೋನಗಳಾಗಿ ಒಡೆದು, ವಿದ್ಯುತ್ತು ಹರಿಯಬೇಕಾದ ಬಗೆಯನ್ನು ಕಂಡುಹಿಡಿದು, ಭೂಪಟದಲ್ಲಿ ಗುಡ್ಡದ ಎತ್ತರ ತೋರಿಸುವ ಗೆರೆಗಳಂತೆ ತಂತಿಯ ದಾರಿಯನ್ನು ಬರೆದುಕೊಡುತ್ತದೆ. ಅದಕ್ಕೆ ಬೇರೆ ಪ್ಯಾಕೇಜುಗಳ ನೆರವು ಬೇಕು: ಟ್ರೈಮೆಶ್ ಬೇಕು, ಸಿವಿಎಕ್ಸ್‌ಪೈ ಬೇಕು, ಚಿತ್ರ ತೋರಿಸಲು ಮಾಯಾವಿ ಬೇಕು. ಮಾಯಾವಿಗೆ ವಿಟಿಕೆ ಎಂಬ ಮೂರು ಆಯಾಮದ ಚಿತ್ರಗಳ ತಂತ್ರಾಂಶ ಬೇಕು.

ಮಾಯಾವಿಯನ್ನು ರಚಿಸಿದ ಪ್ರಭು ರಾಮಚಂದ್ರನ್ ಮುಂಬಯಿಯ ಐಐಟಿಯ ಪ್ರಾಧ್ಯಾಪಕರು. ಫಿನ್ಲೆಂಡಿನದು ಸಲೀಸಾಗಿ ಇಳಿಯಿತು; ಪಕ್ಕದ ಮುಂಬಯಿಯ ಮಾಯಾವಿ ಮಾತ್ರ ಬರಲೊಲ್ಲ. ತಪ್ಪು ಅವನದಲ್ಲ. ಹಿಂದಿನ ವಾರವಷ್ಟೇ ನಾನು ಶೋಕಿಗೆ ಹೊಚ್ಚಹೊಸ ಪೈಥಾನ್ ಹಾಕಿಕೊಂಡಿದ್ದೆ, ಅದಕ್ಕೆ ಹೊಂದುವ ವಿಟಿಕೆ ಇನ್ನೂ ಸಿದ್ಧವಾಗಿರಲಿಲ್ಲ. ಅಷ್ಟರಲ್ಲಿ ಧಾರವಾಡದಿಂದ ಅವ್ವನ ಫೋನು ಬಂತು. ಮಾಯಾವಿಯನ್ನು ಹುಡುಕುತ್ತಿದ್ದೇನೆ ಎಂದೆ.

‘ಅವನ ಬೆನ್ನಹತ್ತಿದ ವಾಲಿ ಗತಿ ಏನಾತು, ಮರತೀಯೇನು? ಗವಿ ಬಾಗಲಾ ಮುಚ್ಚಿದಂವ ಸ್ವಂತ ತಮ್ಮನೋ!’

ನಕ್ಕು ಸುಮ್ಮನಾದೆ. ಪೈಥಾನ್ 3.9ಕ್ಕೆ ಇಳಿದ ಮೇಲೆ ಮಾಯಾವಿ ಬಂದ, ಆದರೆ ಅಂಕಿಗಳ ಲೆಕ್ಕ ಮಾಡುವ ನಂಪೈ ಎಂಬ ಪ್ಯಾಕೇಜು ಮುನಿಯಿತು. ದಶಮಾಂಶ ಸಂಖ್ಯೆಗೆ ತಾನು ಇಟ್ಟಿದ್ದ ಫ್ಲೋಟ್ ಎಂಬ ಹಳೆಯ ಹೆಸರನ್ನು ಅದು 1.24ನೇ ಆವೃತ್ತಿಯಲ್ಲಿ ಕೈಬಿಟ್ಟಿದೆ. ನಾನು ಎಂದೋ ಬರೆದಿಟ್ಟ ಕಡತದಲ್ಲಿ ಆ ಹೆಸರು ಹನ್ನೊಂದು ಕಡೆ ಇತ್ತು. ಹನ್ನೊಂದು ಕಡೆ ತಿದ್ದಲು ಸೋಮಾರಿತನವಾಗಿ ನಂಪೈಯನ್ನೇ 1.21ಕ್ಕೆ ಇಳಿಸಿದೆ. ಆಗ, ಹೊಸ ನಂಪೈಯನ್ನು ನಂಬಿ ಕಟ್ಟಲಾಗಿದ್ದ ಉಳಿದ ಪ್ಯಾಕೇಜುಗಳು ಪುಣೆಯ ಮಂಡಈ ಮಾರುಕಟ್ಟೆಯ ತರಕಾರಿಯವರಂತೆ ಪಟ್ಟು ಹಿಡಿದವು: ನಂಪೈಯ ದತ್ತಾಂಶ ರಚನೆಯ ಗಾತ್ರ 96 ಬೈಟು ಇರಬೇಕಿತ್ತು, ಸಿಕ್ಕಿದ್ದು 88. ಎಂಟು ಬೈಟುಗಳಿಗಾಗಿ ಇಷ್ಟು ರಂಪವನ್ನು ನಾನು ಕಂಡಿರಲಿಲ್ಲ. ಕೊನೆಗೆ ಎಲ್ಲವನ್ನೂ ಅಳಿಸಿ, ಪ್ಯಾಕೇಜುಗಳನ್ನು ಹೊಂದಿಸಿಕೊಡುವ ಕೋಂಡಾ ಎಂಬ ತಂತ್ರಾಂಶದಲ್ಲಿ ಹೊಸ ಪರಿಸರ ತೆರೆದು, ಎಲ್ಲ ಪ್ಯಾಕೇಜುಗಳನ್ನೂ ಒಟ್ಟಿಗೆ ಕರೆದು, ಆ ಹನ್ನೊಂದು ಫ್ಲೋಟ್‌ಗಳನ್ನು ಕೈಯಾರೆ ತಿದ್ದಿದೆ. ಅದಕ್ಕೆ ನಾಲ್ಕು ನಿಮಿಷ ಹಿಡಿಯಿತು.

ರಾತ್ರಿ ಒಂಬತ್ತಕ್ಕೆ ಪರದೆಯ ಮೇಲೆ ಎರಡು ಹಲಗೆಗಳೂ ಅವುಗಳ ತುಂಬ ಕೆಂಪು, ನೀಲಿ ಸುರುಳಿಗಳೂ ಮೂಡಿದವು. ಯಾರಿಗಾದರೂ ತೋರಿಸೋಣವೆಂದು ಎದ್ದು ಹೋದರೆ ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ. ಬಡಿದ ಮೇಲೆ ತಮ್ಮ ಬಂದು ತೆರೆದ. ನನ್ನ ಗೊಣಗಾಟ ಅವನ ಆನ್‌ಲೈನ್ ತರಗತಿಗೆಲ್ಲ ಕೇಳಿಸುತ್ತಿತ್ತಂತೆ. ಅವನ ಹಿಂದೆ ಮೇಜಿನ ಮೇಲೆ ಮೆಸ್ಸಿನ ಎರಡೂ ಡಬ್ಬಿಗಳು ತೊಳೆದು ಬೋರಲಾಗಿದ್ದವು.

‘ನೀ ಇನ್ನ ಹೊರಗ ಬರೂದಿಲ್ಲ ಅಂತ ತಿಳಕೊಂಡೆ ಅಣ್ಣಾ’ ಎಂದ.