ಮುರಿಯುವ ದನಿಯೂ ಒಂದು ವಿದ್ಯೆ

ಜನಪದದವರ ಕಂಠವನ್ನು ತಿದ್ದಬೇಕಾದ ಕಂಠ ಅಂತ ನೋಡುವ ಅಭ್ಯಾಸವನ್ನು ಕರ್ನಾಟಕ ಸಂಗೀತದ ಮೇಷ್ಟ್ರುಗಳಾದ ನಾವು ಬಿಡಬೇಕು. ಹ್ಯೂಸ್ಟನ್ನಿನಲ್ಲಿ ನಮ್ಮ ಮಕ್ಕಳಿಗೆ ಸರಳೆ, ಜಂಟಿ ಹೇಳಿಕೊಡುವ ನನಗೆ ಇದನ್ನು ಮನಗಾಣಿಸಿದ್ದು ಮೆಕ್ಸಿಕೋದ ಹುವಾಪಾಂಗೋ ಎಂಬ ಜನಪದ ಹಾಡು-ಕುಣಿತ.

ಮೆಕ್ಸಿಕೋದ ಹಾಡು ಅಂದರೆ ನಮ್ಮವರಿಗೆ ಥಟ್ಟನೆ ನೆನಪಾಗುವುದು ಅಗಲ ಟೋಪಿ, ತುತ್ತೂರಿಯ ಮರಿಯಾಚಿ. 2011ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದ ಅದು ಪಶ್ಚಿಮದ ಹಾಲಿಸ್ಕೋ ಕಡೆಯದು. ಹುವಾಪಾಂಗೋ ಇರುವುದು ಪೂರ್ವದ ಹುವಾಸ್ತೆಕಾ ಸೀಮೆಯಲ್ಲಿ. ವೆರಾಕ್ರೂಸ್, ಸಾನ್ ಲೂಯಿಸ್ ಪೊತೊಸಿ, ತಮೌಲಿಪಾಸ್, ಹಿದಾಲ್ಗೊ ರಾಜ್ಯಗಳಲ್ಲೆಲ್ಲ ಹರಡಿದ ಸೀಮೆ ಅದು. ಮೇಳದಲ್ಲಿ ಮೂರೇ ಜನ. ಒಂದು ಪಿಟೀಲು, ಐದು ತಂತಿಯ ಪುಟ್ಟ ಗಿಟಾರಿನಂಥ ಹರಾನಾ, ದೊಡ್ಡ ಒಡಲಿನ ಗಿಟಾರಿನಂಥ ಹುವಾಪಾಂಗೇರಾ. ಒಬ್ಬ ಎರಡು ಸಾಲು ಎತ್ತಿಕೊಂಡರೆ ಇನ್ನೊಬ್ಬ ಮುಂದುವರಿಸುತ್ತಾನೆ; ಸ್ಥಳದಲ್ಲೇ ಪದ ಕಟ್ಟಿ ಒಬ್ಬರನ್ನೊಬ್ಬರು ಕೆಣಕುವುದೂ ಉಂಟು. ನಮ್ಮ ಹರದೇಶಿ-ನಾಗೇಶಿ ಲಾವಣಿ ಕೇಳಿದವರಿಗೆ ಆ ಜಿದ್ದು ಗೊತ್ತು. ಕುಣಿಯುವವರು ಪಿಟೀಲು ಮೆರೆಯುವಾಗ ಮರದ ಹಲಗೆಯ ಮೇಲೆ ಹಿಮ್ಮಡಿ ಕುಟ್ಟುತ್ತಾರೆ, ಹಾಡು ಶುರುವಾದ ಕೂಡಲೇ ಹೆಜ್ಜೆ ಮೆತ್ತಗೆ ಮಾಡುತ್ತಾರೆ. ಸಾಹಿತ್ಯಕ್ಕೆ ಅಷ್ಟು ಮರ್ಯಾದೆ ನಮ್ಮ ಎಷ್ಟೋ ಕಛೇರಿಗಳಲ್ಲೂ ಸಿಗುವುದಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಕಂಠ. ಎದೆಯ ದನಿಯಲ್ಲಿ ತುಂಬಿಕೊಂಡು ಹಾಡುತ್ತಿದ್ದವನು ಒಂದೇ ಅಕ್ಷರದ ನಡುವೆ ಚಂಗನೆ ಮೇಲಕ್ಕೆ ಹಾರಿ ಫಾಲ್ಸೆಟ್ಟೊ ಎಂಬ ತೆಳುವಾದ ಮೇಲುದನಿಯಲ್ಲಿ ನಿಲ್ಲುತ್ತಾನೆ, ಮತ್ತೆ ಇಳಿಯುತ್ತಾನೆ. ಎದೆಯ ದನಿಯಲ್ಲಿ ಸ್ವರತಂತುಗಳು ದಪ್ಪಗೆ, ಗಟ್ಟಿಯಾಗಿ ಕೂಡುತ್ತವೆ. ಫಾಲ್ಸೆಟ್ಟೊದಲ್ಲಿ ಎಳೆದು ತೆಳ್ಳಗಾಗಿ ಹೆಚ್ಚುಕಡಿಮೆ ಅಂಚುಗಳಷ್ಟೇ ಅದುರುತ್ತವೆ. ಒಂದರಿಂದ ಇನ್ನೊಂದಕ್ಕೆ ದಾಟುವಾಗ ದನಿ ಮುರಿಯುತ್ತದೆ. ಆಪೆರಾ ಕಲಿಸುವವರು ವರ್ಷಗಟ್ಟಲೆ ದುಡಿದು ಆ ಮುರಿತವನ್ನು ಅಳಿಸುತ್ತಾರೆ. ನಾವಂತೂ ಅದನ್ನು ಕಳ್ಳ ಕಂಠ ಅಂದು ಪಾಠದ ಕೋಣೆಯಿಂದ ಹೊರಗೇ ಇಡುತ್ತೇವೆ. ಹುವಾಸ್ತೆಕಾದವರು ಅದನ್ನೇ ಹಾಡಿನ ಒಡವೆ ಮಾಡಿಕೊಂಡಿದ್ದಾರೆ. ನಮ್ಮ ಜಾರು ನಡುವಿನ ಸ್ವರಗಳನ್ನೆಲ್ಲ ಸವರಿಕೊಂಡು ಹೋಗುತ್ತದೆ. ಅಲ್ಲಿ ಸವರುವುದೇ ಇಲ್ಲ, ನೆಗೆತ ಮಾತ್ರ. ಪಂಚಮದಿಂದ ತಾರ ಷಡ್ಜಕ್ಕೆ ಅಕಾರದಲ್ಲಿ ಹಾಗೆ ನೆಗೆಯಲು ಹೊರಟರೆ ಗಮಕಕ್ಕೆ ಪಳಗಿದ ನನ್ನ ಗಂಟಲು ತಾನಾಗಿಯೇ ಜಾರಿಗೆ ಎಳೆಯುತ್ತದೆ. ಆ ನೆಗೆತಕ್ಕೂ ಸಾಧಕ ಬೇಕು. ಅದನ್ನು ಒರಟು ಕಂಠ ಅಂತ ತಳ್ಳಿಹಾಕುವುದು ಅನ್ಯಾಯ.

ಶಾಸ್ತ್ರೀಯ ಕಂಠ ಅಲ್ಲಿ ಜನಪದದ ಅಂಗಳಕ್ಕೆ ಬಂದದ್ದು ಹೊಸತೇನಲ್ಲ. ರಾಂಚೇರಾ ಎಂಬ ಹಳ್ಳಿಸೊಗಡಿನ ಹಾಡುಗಳ ದೊಡ್ಡ ತಾರೆ ಹೋರ್ಹೆ ನೆಗ್ರೇತೆ (1911–1953) ಆಪೆರಾ ಕಲಿತವರು; ಆ ತುಂಬುದನಿಯನ್ನೇ ರಾಂಚೇರಾಕ್ಕೆ ತಂದರು. ನನಗೆ ಇನ್ನೂ ಹತ್ತಿರವೆನಿಸುವುದು ಲೀಲಾ ಡೌನ್ಸ್. 1968ರಲ್ಲಿ ಒಹಾಕಾದಲ್ಲಿ ಹುಟ್ಟಿದ, ಮಿಶ್ತೆಕ್ ಎಂಬ ಮೂಲನಿವಾಸಿ ಜನಾಂಗದ ತಾಯಿಯ ಮಗಳು. ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಗಾಯನದ ಜತೆ ಮಾನವಶಾಸ್ತ್ರವನ್ನೂ ಓದಿದರು. ತಾಯಿಯ ಭಾಷೆಯಲ್ಲೂ, ಇನ್ನೊಂದು ಮೂಲನಿವಾಸಿ ಭಾಷೆಯಾದ ಸಾಪೊತೆಕ್‌ನಲ್ಲೂ ಹಾಡುತ್ತಾರೆ. ಆಪೆರಾದ ಎತ್ತರವೂ ಎದೆಯಾಳದ ಒರಟೂ ಅವರಲ್ಲಿ ಒಟ್ಟಿಗೇ ಇವೆ. ಹಾಡು ಯಾವುದನ್ನು ಕೇಳುತ್ತದೋ ಅದನ್ನು ಕೊಡುತ್ತಾರೆ.

ನಾವು ಮಾಡುವುದೇನು? ಮಾದಪ್ಪನ ಹಾಡನ್ನೋ ತತ್ವಪದವನ್ನೋ ರಾಜ್ಯೋತ್ಸವದ ವೇದಿಕೆಗೆ ತರುತ್ತೇವೆ, ಒಂದು ರಾಗದ ಚೌಕಟ್ಟಿಗೆ ಕೂರಿಸಿ, ಗಮಕ ಹಾಕಿ, ಏರುಗಂಟಲನ್ನು ಇಳಿಸಿ ನಯ ಮಾಡುತ್ತೇವೆ. ಕಂಸಾಳೆಯ ಕಂಚಿನ ಸದ್ದಿನ ಮೇಲೆ ತೇಲಬೇಕಾದ ದನಿ, ಚಂಡೆಯನ್ನು ಮೀರಿ ಕೇಳಿಸಬೇಕಾದ ಭಾಗವತರ ದನಿ, ತಂಬೂರಿ ಮೀಟುತ್ತಾ ರಾತ್ರಿಯಿಡೀ ಮಂಟೇಸ್ವಾಮಿ ಕಥೆ ಹೇಳುವ ನೀಲಗಾರರ ದನಿ, ಒಂದೊಂದರ ತಯಾರಿಯೂ ಬೇರೆ. ಮೈಕಿನ ಮುಂದೆ ನಾವು ಅವೆಲ್ಲವನ್ನೂ ಒಂದೇ ಮಾಡಿಬಿಟ್ಟಿದ್ದೇವೆ.

ಟೆಕ್ಸಾಸ್‌ನ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಬ್ಯಾಂಡಿನ ಹಾಗೆ ಮರಿಯಾಚಿಯೂ ಒಂದು ತರಗತಿ, ಅದಕ್ಕೆ ರಾಜ್ಯಮಟ್ಟದ ಉತ್ಸವವೂ ಇದೆ. ಇಲ್ಲಿನ ಕನ್ನಡ ಕೂಟಗಳು ಊರಿನಿಂದ ಕಲಾವಿದರನ್ನು ಕರೆಸುವಾಗ ಒಬ್ಬ ಕಂಸಾಳೆಯವರನ್ನು, ಒಬ್ಬ ಗೀಗೀ ಪದದವರನ್ನೂ ಕರೆಸಲಿ. ಒಂದು ಸಂಜೆಯ ಮನರಂಜನೆಗೆ ಮಾತ್ರ ಬೇಡ, ವಾರಗಟ್ಟಲೆ ಮಕ್ಕಳಿಗೆ ಪಾಠ ಹೇಳುವುದಕ್ಕೆ ಕರೆಸಲಿ. ಗುರುಗಳಿಗೆ ಕೊಡುವ ಸಂಭಾವನೆಯನ್ನೇ ಅವರಿಗೂ ಕೊಡಲಿ. ಆ ಪಾಠಕ್ಕೆ ಮೊದಲು ಕೂರಬೇಕಾದವರು ನನ್ನಂಥ ಮೇಷ್ಟ್ರುಗಳು.

"ಇದೆಲ್ಲ ಹಾಡಿದ್ರೆ ಮಗೂದು ಕಂಠ ಹಾಳಾಗಲ್ವಾ ಮೇಷ್ಟ್ರೇ?" ಅಂತ ತಂದೆತಾಯಂದಿರು ಕೇಳುತ್ತಾರೆ. ಗಂಟಲು ಬಿಗಿಹಿಡಿದು ಕಿರುಚಿದರೆ ವರ್ಣ ಹಾಡಿದರೂ ಹಾಳಾಗುತ್ತದೆ. ಮಗುವಿಗೆ ಒಗ್ಗದ ಶ್ರುತಿಯಲ್ಲಿ ಹಟಹಿಡಿದು ಹಾಡಿಸಿದರೂ ಹಾಳಾಗುತ್ತದೆ. ಉಸಿರು ಸಡಿಲವಾಗಿದ್ದು, ನೀರು ಚೆನ್ನಾಗಿ ಕುಡಿದು, ನೋವಾದ ಕೂಡಲೇ ನಿಲ್ಲಿಸುವ ಮಗು ನೆಗೆಯಲಿ ಬಿಡಿ.