ಮರದ ಬುಡಕ್ಕೆ ಹೋಗಬೇಡಿ, ದಾರಿಯಲ್ಲೇ ನಡೆಯಿರಿ

ಬೇಸಿಗೆ ಬಂತು ಅಂದರೆ ಕ್ಯಾಲಿಫೋರ್ನಿಯಾದ ಬೇ ಏರಿಯಾದ (ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ) ಗೆಳೆಯರು ಕೇಳುವುದು ಇದೊಂದೇ: ಹೈಪೀರಿಯನ್ ಮರದ ಹತ್ತಿರ ಹೋಗುವುದು ಹೇಗೆ?

ಹೋಗಬೇಡಿ. ಜಗತ್ತಿನ ಅತಿ ಎತ್ತರದ ಈ ರೆಡ್‌ವುಡ್ ಮರ ಉತ್ತರ ಕ್ಯಾಲಿಫೋರ್ನಿಯಾದ ರೆಡ್‌ವುಡ್ ನ್ಯಾಷನಲ್ ಪಾರ್ಕಿನಲ್ಲಿ 2006ರಲ್ಲಿ ಪತ್ತೆಯಾಯಿತು. ಎತ್ತರ ಸುಮಾರು 116 ಮೀಟರ್. ಅಲ್ಲಿಗೆ ದಾರಿಯೇ ಇಲ್ಲ. ಆದರೂ ಜನ ಪೊದೆಯಲ್ಲಿ ನುಗ್ಗಿ ಹೋದರು. ತುಳಿದು ತುಳಿದು ಬುಡದ ಸುತ್ತ ಜರೀಗಿಡವೂ ಬೆಳೆಯದ ಹಾಗಾಯಿತು. 2022ರಲ್ಲಿ ಪಾರ್ಕಿನವರು ಆ ಜಾಗವನ್ನು ಮುಚ್ಚಿದರು. ಈಗ ಹೋದರೆ 5,000 ಡಾಲರ್‌ವರೆಗೆ ದಂಡ, ಜೈಲೂ ಆಗಬಹುದು. ಕೆಲವರಿಗೆ ಇದು ಅತಿ ಅನಿಸಿದೆ. ನನಗೆ ಸರಿ ಅನಿಸಿದ್ದು ಅಪ್ಪನ ಜೊತೆ ಒಂದು ದಿನ ಪೂರ್ತಿ ರೆಡ್‌ವುಡ್ ಕಾಡಲ್ಲಿ ನಡೆದ ಮೇಲೆ.

ಅಪ್ಪ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು. ಇಲ್ಲಿಗೆ ಬಂದಾಗ ಅದೇ ಸೀಮೆಯ ಪ್ರೇರಿ ಕ್ರೀಕ್ ರೆಡ್‌ವುಡ್ ಪಾರ್ಕಿಗೆ ಕರೆದುಕೊಂಡು ಹೋದೆ. ಜೇಮ್ಸ್ ಅರ್ವೈನ್ ಟ್ರೇಲ್ ಹಿಡಿದು ಫರ್ನ್ ಕ್ಯಾನ್ಯನ್ ಅನ್ನುವ ಜರೀಗಿಡಗಳ ಕಣಿವೆ, ಅಲ್ಲಿಂದ ಗೋಲ್ಡ್ ಬ್ಲಫ್ಸ್ ಸಮುದ್ರ ತೀರ, ಮೈನರ್ಸ್ ರಿಜ್ ದಾರಿಯಲ್ಲಿ ವಾಪಸ್. ಒಟ್ಟು 19 ಕಿಲೋಮೀಟರ್ ಹತ್ತಿರ. ಬೆಳಿಗ್ಗೆ ಮಂಜು ಎಷ್ಟಿತ್ತೆಂದರೆ ಮರಗಳ ತುದಿ ಕಾಣುತ್ತಿರಲಿಲ್ಲ. ಮಳೆ ಇಲ್ಲ, ಆದರೆ ತಲೆ ಮೇಲೆ ಟಪ್ ಟಪ್ ಅಂತ ಹನಿ. ಎಲೆಗೆ ಸಿಕ್ಕ ಮಂಜೇ ನೀರಾಗಿ ಬುಡಕ್ಕೆ ಬೀಳುತ್ತದೆ. ಮಳೆಯಿಲ್ಲದ ಬೇಸಿಗೆಯಲ್ಲಿ ಈ ಮರಗಳಿಗೆ ಅದೇ ಆಸರೆ.

ಒಂದು ಕಡೆ ಅಪ್ಪ ಕೂತೇಬಿಟ್ಟರು. ನಮ್ಮ ತೋಟದಲ್ಲಿ ಬೆಳೆಯುವ ಮೂರೆಲೆಯ ಹುಳಿ ಗಿಡದಂಥದ್ದೇ ಗಿಡ, ಎಲೆ ಮಾತ್ರ ದೊಡ್ಡದು. ನೆರಳಲ್ಲಿದ್ದವು ಅಗಲವಾಗಿ ಹರಡಿದ್ದವು. ಅಷ್ಟರಲ್ಲಿ ಮಂಜು ಸರಿದು ಒಂದು ಅಂಗೈಯಷ್ಟು ಬಿಸಿಲು ಬಿತ್ತು. ನೋಡನೋಡುತ್ತಿದ್ದ ಹಾಗೇ ಆ ಜಾಗದ ಎಲೆಗಳು ಕೊಡೆ ಮಡಚಿದಂತೆ ಕೆಳಗೆ ಬಾಗಿದವು. ಬಿಸಿಲು ಆ ಕಡೆ ಹೋಗುವವರೆಗೂ ಅಪ್ಪ ಏಳಲಿಲ್ಲ.

ಬೇರಿನ ವಿಷಯ ಹೇಳಿದಾಗ ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು. ಇಷ್ಟು ದೊಡ್ಡ ಮರಕ್ಕೆ ತಾಯಿಬೇರಿಲ್ಲ. ಬೇರು ಎರಡು ಮೂರು ಆಳು ಆಳಕ್ಕೂ ಹೋಗುವುದಿಲ್ಲ. ಅಗಲಕ್ಕೆ 30 ಮೀಟರ್‌ವರೆಗೆ ಹರಡಿ, ಪಕ್ಕದ ಮರದ ಬೇರಿನ ಜೊತೆ ಹೆಣೆದುಕೊಂಡು ನಿಲ್ಲುತ್ತದೆ. "ಹಂಗಾದ್ರೆ ಅಡಿಕೆ ಮರದ ಹಾಗೇ ಆಯ್ತಲ್ಲ ಮಾರಾಯ. ಬುಡಕ್ಕೆ ಸೊಪ್ಪು ಹಾಕಬೇಕು, ತುಳೀಬಾರದು" ಅಂದರು. ಆಮೇಲೆ ದಾರಿ ಬಿಟ್ಟು ಒಂದು ಹೆಜ್ಜೆ ಇಡಲಿಲ್ಲ. ನಾನು ಫೋಟೋಗೆ ಅಂತ ಪಕ್ಕಕ್ಕೆ ಸರಿದರೆ ಗದರಿದರು.

ಹಳೆಯ ರೆಡ್‌ವುಡ್ ಕಾಡಲ್ಲಿ ಕಡಿಯದೆ ಉಳಿದಿರುವುದು ನೂರಕ್ಕೆ ಐದು ಪಾಲು ಮಾತ್ರ. ಕೊಡಲಿಯಿಂದ ಉಳಿದದ್ದನ್ನು ಶೂ ಕಾಲಲ್ಲಿ ಹಾಳು ಮಾಡಬೇಕಾ? ಅದೂ ಒಂದು ಸೆಲ್ಫಿಗೆ? ಹೈಪೀರಿಯನ್ ಬುಡದಲ್ಲಿ ನಿಂತರೆ ಅದರ ತುದಿಯೂ ಕಾಣಿಸುವುದಿಲ್ಲ. ಪ್ರೇರಿ ಕ್ರೀಕಿನ ದಾರಿಯಲ್ಲಿ ಅಂಥ ಅಜ್ಜ ಮರಗಳು ಗಂಟೆಗಟ್ಟಲೆ ಜೊತೆಗೇ ಬರುತ್ತವೆ.

ಹೋಗುವವರಿಗೆ ಒಂದು ಮಾತು. ಬೇಸಿಗೆಯಲ್ಲಿ ಫರ್ನ್ ಕ್ಯಾನ್ಯನ್‌ವರೆಗೆ ಕಾರಲ್ಲಿ ಹೋಗಲು ಮೊದಲೇ ಪರ್ಮಿಟ್ ತೆಗೆದುಕೊಳ್ಳಬೇಕು. ವಿಸಿಟರ್ ಸೆಂಟರಿನಿಂದ ನಡೆದು ಹೋದರೆ ಬೇಡ. ಬೆಳಿಗ್ಗೆ ಎಂಟಕ್ಕೇ ಹೊರಡಿ. ಸ್ವೆಟರ್ ಇರಲಿ, ಬುತ್ತಿ ಜಾಸ್ತಿ ಕಟ್ಟಿಕೊಳ್ಳಿ. ನಾವು ಚಿತ್ರಾನ್ನವನ್ನು ಸಮುದ್ರದ ಹತ್ತಿರ ಕೂತು ತಿಂದೆವು, ದೂರದಲ್ಲಿ ಎಲ್ಕ್ ಅನ್ನುವ ದೊಡ್ಡ ಜಿಂಕೆಗಳ ಹಿಂಡು ಮೇಯುತ್ತಿತ್ತು.